ಮಾತ್ರೆ ಎಣಿಸುವವಳ ಹಿಂದಿ ಕ್ಲಾಸು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜಯನಗರದ ಒಂದು ಮನೆಯಲ್ಲಿ ಒಂದೂವರೆ ವರ್ಷ ಹಿಂದಿ ಪಾಠ ಹೇಳಿದೆ. ನನಗೆ ಹಿಂದಿ ಬರುತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ. ನಾಚಿಕೆಪಡಬೇಕಾದದ್ದು ಬೇರೆ ಇದೆ, ಅದನ್ನೂ ಹೇಳುತ್ತೇನೆ.

ನನ್ನ ನಿಜವಾದ ಕೆಲಸ ಮಾತ್ರೆ ಎಣಿಸುವುದು. ಕ್ಷಯ ರೋಗಿಗಳನ್ನು ಆಸ್ಪತ್ರೆಯಲ್ಲಿ ಮಲಗಿಸದೆ, ಮನೆಯಲ್ಲೇ ಮಾತ್ರೆ ಕೊಟ್ಟು ಗುಣಪಡಿಸಬಹುದೇ ಎಂದು ನೋಡುವ ಯೋಜನೆಯೊಂದು ಆಗ ನಮ್ಮೂರಿನಲ್ಲಿ ಶುರುವಾಗಿತ್ತು. ದುಡ್ಡು ಹೊರದೇಶಗಳದ್ದು. ಎಕ್ಸರೇ ಯಂತ್ರ ಹಡಗಿನಲ್ಲಿ ಬಂದಿತ್ತು. ಜೀಪು ಹಡಗಿನಲ್ಲಿ ಬಂದಿತ್ತು. ಮಾತ್ರೆಗಳು, ಮಾತ್ರೆ ತುಂಬುವ ಕಂದು ಬಣ್ಣದ ಬಾಟಲಿಗಳು, ಕಫ ಹಿಡಿಯುವ ಡಬ್ಬಿಗಳು, ಆ ಡಬ್ಬಿಯ ಮೇಲೆ ಹೆಸರು ಬರೆಯುವ ಪೆನ್ಸಿಲು, ಎಲ್ಲವೂ ಹಡಗಿನಲ್ಲೇ. ನಮ್ಮ ಕಡೆಯಿಂದ ಕೊಡಬೇಕಾಗಿದ್ದದ್ದು ರೋಗಿಗಳನ್ನು ಮಾತ್ರ. ಅದಕ್ಕೆ ನಮ್ಮಲ್ಲಿ ಕೊರತೆ ಇರಲಿಲ್ಲ.

ಒಬ್ಬ ರೋಗಿಯನ್ನು ಮಂಚದ ಮೇಲೆ ಮಲಗಿಸಿ ನೋಡಿಕೊಳ್ಳುವ ಖರ್ಚಿನಲ್ಲಿ ಎಷ್ಟೋ ಜನರಿಗೆ ಮನೆಯಲ್ಲೇ ಮಾತ್ರೆ ಕೊಡಬಹುದು ಎಂಬುದು ಲೆಕ್ಕಾಚಾರ. ಆದರೆ ಬಡದೇಶದ ಜನ ಯಾರೂ ನೋಡದೆ ಇರುವಾಗ ಮಾತ್ರೆ ನುಂಗುತ್ತಾರೆಯೇ ಎಂಬ ಅನುಮಾನ ಕೊಡುವವರಿಗಿತ್ತು. ಆ ಅನುಮಾನಕ್ಕೆ ಸಂಬಳ ಕೊಟ್ಟು ನನ್ನಂಥ ನಾಲ್ಕಾರು ಹುಡುಗಿಯರನ್ನು ಇಟ್ಟುಕೊಂಡಿದ್ದರು. ನಾವು ಮುಂಚೆ ತಿಳಿಸದೆ ರೋಗಿಯ ಮನೆಗೆ ಹೋಗಬೇಕು, ಬಾಟಲಿಯನ್ನು ತಟ್ಟೆಗೆ ಸುರಿದು ಉಳಿದ ಮಾತ್ರೆ ಎಣಿಸಬೇಕು, ಒಂದು ಪುಟ್ಟ ಸೀಸೆಯಲ್ಲಿ ಉಚ್ಚೆ ತರಬೇಕು. ಆಫೀಸಿನಲ್ಲಿ ಅದಕ್ಕೊಂದು ಕಾಗದ ಅದ್ದುತ್ತಿದ್ದರು. ಮಾತ್ರೆ ನುಂಗಿದ್ದರೆ ಕಾಗದದ ಬಣ್ಣ ತಿರುಗುತ್ತಿತ್ತು. ಮುಂಚೆ ತಿಳಿಸಬಾರದು ಎಂಬುದನ್ನು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು.

ನಮ್ಮ ಮನೆ ಹನುಮಂತನಗರದಲ್ಲಿ. ನನಗೆ ಎಂಥ ಕೆಲಸ ಎಂದು ಯಾರಾದರೂ ಕೇಳಿದರೆ ಅಪ್ಪ "ಅಂಕಿಅಂಶದ ಆಫೀಸು" ಎನ್ನುತ್ತಿದ್ದರು. ಅಮ್ಮ ಸಂಜೆ ನನ್ನನ್ನು ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಕಳಿಸಿ, ಸ್ನಾನವಾಗುವ ತನಕ ಮಾತಾಡುತ್ತಿರಲಿಲ್ಲ. ಇಬ್ಬರೂ ನನ್ನ ಸಂಬಳದ ಬಗ್ಗೆ ಯಾವ ಆಕ್ಷೇಪವನ್ನೂ ಎತ್ತಲಿಲ್ಲ.

ಜಯನಗರ ಆಗ ಅರ್ಧ ಬಡಾವಣೆ, ಅರ್ಧ ಬಯಲು. ಒಂದು ಮನೆ, ಎರಡು ಖಾಲಿ ಸೈಟು, ಮತ್ತೊಂದು ಮನೆ, ಅದರಾಚೆ ಅವರೆ ಹೊಲ. ಅಂಥ ಒಂದು ರಸ್ತೆಯಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡಿದ್ದ ಗುಮಾಸ್ತರೊಬ್ಬರ ಮಗಳು ನನ್ನ ಪಾಲಿಗೆ ಬಂದಳು. ಹತ್ತೊಂಬತ್ತು ವರ್ಷ. ಎಕ್ಸರೇಯಲ್ಲಿ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು. ಬೆಳಿಗ್ಗೆ ಮಾತ್ರೆ, ಸಂಜೆ ಮಾತ್ರೆ, ಒಂದೂವರೆ ವರ್ಷ ಬಿಡದೆ ನುಂಗಬೇಕು. ನುಂಗಿದರೆ ಬದುಕುತ್ತಾಳೆ ಎಂದು ನಮ್ಮ ಡಾಕ್ಟರು ಹೇಳಿದರು. ಅವರು ಎಲ್ಲರಿಗೂ ಹಾಗೆ ಹೇಳುವವರಲ್ಲ.

ಮೊದಲ ದಿನ ಜೀಪಿನಲ್ಲಿ ಹೋದೆ. ಜೀಪಿನ ಬಾಗಿಲ ಮೇಲೆ ದಾನ ಕೊಟ್ಟವರ ಗುರುತನ್ನು ಬಿಳಿ ಬಣ್ಣದಲ್ಲಿ ತಟ್ಟೆಯಗಲ ಬರೆದಿದ್ದರು. ಅದು ಕಾಣುವ ಹಾಗಿರಬೇಕು ಎಂಬುದು ಕೊಟ್ಟವರ ಷರತ್ತು. ಕಾಣುತ್ತಿತ್ತು. ಆ ಗುರುತಿನ ಜೀಪು ಯಾವ ಮನೆಯ ಮುಂದೆ ನಿಂತರೂ ಆ ಮನೆಯಲ್ಲಿ ಯಾವ ಕಾಯಿಲೆ ಎಂದು ಇಡೀ ರಸ್ತೆಗೆ ಗೊತ್ತಾಗುತ್ತಿತ್ತು. ಹುಡುಗಿಯ ತಾಯಿ ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು.

"ಆ ಜೀಪು ಇನ್ನೊಂದು ಸಲ ಈ ರಸ್ತೆಗೆ ಬಂದ್ರೆ ನಾನು ಬಾಗಿಲು ತೆಗೆಯಲ್ಲ," ಎಂದರು. "ಇವತ್ತೇನೋ ದಾರಿ ತಪ್ಪಿ ಬಂತು ಅಂತೀನಿ. ನಮ್ಮ ಹುಡುಗಿಗೆ ಗಂಡು ನೋಡ್ತಾ ಇದೀವಿ."

"ಹಾಗಾದ್ರೆ ಮಾತ್ರೆ?"

"ಮಾತ್ರೆ ಬೇಡ ಅಂತ ಯಾರು ಹೇಳಿದ್ರು? ಬೇಕು. ನೀವು ಬೇರೆ ಏನಾದ್ರೂ ಆಗಿ ಬನ್ನಿ."

"ಬೇರೆ ಏನಾಗಿ ಬರ್ಲಿ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಂಗೀತ ಬರತ್ತಾ?"

"ಇಲ್ಲ."

"ವೀಣೆ?"

"ಸಂಗೀತಾನೇ ಬರಲ್ಲಮ್ಮ."

"ಹೊಲಿಗೆ?"

"ಗುಂಡಿ ಹಾಕ್ತೀನಿ."

"ಹಿಂದಿ?"

ಹೈಸ್ಕೂಲಿನಲ್ಲಿದ್ದಾಗ ಪ್ರಥಮಾ ಪರೀಕ್ಷೆ ಪಾಸು ಮಾಡಿ ಅಂದೇ ಮರೆತುಬಿಟ್ಟಿದ್ದೆ. "ಓದಿದ್ದೆ," ಎಂದೆ.

"ಸಾಕು," ಎಂದರು ಅವರು. ಆಗ ದೆಹಲಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದ ಗಂಡುಗಳಿಗೆ ಬೇಡಿಕೆ ಜಾಸ್ತಿ. ಮದುವೆಗೆ ಬಂದ ಹುಡುಗಿ ಹಿಂದಿ ಕಲಿಯುತ್ತಿದ್ದಾಳೆ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಆಕೆ ಇದನ್ನೆಲ್ಲ ನಿಂತ ನಿಲುವಿನಲ್ಲೇ ಯೋಚಿಸಿದ್ದರು. ನಮ್ಮ ಡಾಕ್ಟರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ರಿಜಿಸ್ಟರ್‌ನಲ್ಲಿ ಹಿಂದಿ ಅಂತ ಬರೀಬೇಡಮ್ಮ," ಎಂದರು.

ಹೀಗೆ ಮಂಗಳವಾರ, ಶುಕ್ರವಾರ ಸಂಜೆ ನಾಲ್ಕಕ್ಕೆ ಹಿಂದಿ ಕ್ಲಾಸು ಶುರುವಾಯಿತು. ನಾನು ಮತ್ತು ನನ್ನ ರೋಗಿ ವರಾಂಡದಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದೆವು. ರಸ್ತೆಯಲ್ಲಿ ಯಾರಾದರೂ ಹೋದರೆ ಗಟ್ಟಿಯಾಗಿ ಓದುತ್ತಿದ್ದೆವು. ಮಾತ್ರೆಯ ಬಾಟಲಿಯನ್ನು ದೇವರ ಮನೆಯಲ್ಲಿ, ಮಂಗಳಾರತಿ ತಟ್ಟೆಯ ಹಿಂದೆ ಇಟ್ಟಿದ್ದರು. ನೆಂಟರಿಷ್ಟರು ಯಾರೇ ಬಂದರೂ ಮಡಿಯಿಲ್ಲದೆ ಅಲ್ಲಿಗೆ ಕೈ ಹಾಕುತ್ತಿರಲಿಲ್ಲವಾದ್ದರಿಂದ ಅಷ್ಟು ಭದ್ರವಾದ ಜಾಗ ಆ ಮನೆಯಲ್ಲಿ ಬೇರೆ ಇರಲಿಲ್ಲ. ತಾಯಿ ತಟ್ಟೆಯಲ್ಲಿ ಸುರಿದು ತಂದರೆ ನಾನು ಎಣಿಸಿಕೊಂಡು, ಸೀಸೆಯನ್ನು ಪಠ್ಯಪುಸ್ತಕದ ಜೊತೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ.

ಮೂರನೇ ವಾರ ಪಕ್ಕದ ಮನೆಯ ಹೆಂಗಸು ಸೆರಗಿನಲ್ಲಿ ಅವರೆಕಾಯಿ ತುಂಬಿಕೊಂಡು ಬಂದರು. ಅವರು ಆ ಜಾಗದ ಮೂಲದವರು. ಬಡಾವಣೆಗೆ ಹೋದ ಹೊಲದಲ್ಲಿ ಅವರದೂ ಇತ್ತು. ಬದಲಿಗೆ ಸಿಕ್ಕ ಸೈಟಿನಲ್ಲಿ ಮನೆ ಕಟ್ಟಿಕೊಂಡು, ಉಳಿದ ಚೂರು ಜಮೀನಿನಲ್ಲಿ ಬೇಸಾಯ ಮಾಡಿಕೊಂಡಿದ್ದರು. ನನ್ನ ರೋಗಿಯ ಮನೆ ನಿಂತಿದ್ದದ್ದೇ ಆಕೆಯ ಅವರೆ ಹೊಲದ ಮೇಲೆ. ಆ ರಸ್ತೆಯನ್ನು ಆಕೆ ಆಗಲೂ "ನಮ್ಮ ಹೊಲ" ಎಂದೇ ಕರೆಯುತ್ತಿದ್ದರು.

"ಟೀಚ್ರಮ್ಮ, ನಮ್ಮ ಹುಡುಗೀಗೂ ಒಸಿ ಹೇಳ್ಕೊಡಿ," ಎಂದರು. "ನಮ್ಮ ವಂಶದಲ್ಲಿ ಓದು ಹತ್ತಿದ್ದು ಇದೊಂದಕ್ಕೇಯ. ಹಿಂದೀನೂ ಕಲ್ತ್ಕಳ್ಳಿ."

ಒಲ್ಲೆ ಎಂದರೆ ಅನುಮಾನ ಬರುತ್ತದೆ. ನನ್ನ ರೋಗಿಯ ತಾಯಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರೆಕಾಯಿ ಒಳಗೆ ಹೋಯಿತು, ಹುಡುಗಿ ಚಾಪೆಯ ಮೇಲೆ ಬಂದು ಕೂತಳು. ಮುಂದಿನ ವಾರ ಹಿಂದಿನ ರಸ್ತೆಯಿಂದ ಇನ್ನಿಬ್ಬರು ಬಂದರು. ಒಟ್ಟು ನಾಲ್ಕು ಜನ. ಈಗ ನಿಜವಾಗಿ ಕಲಿಸಬೇಕಾಯಿತು.

ಬಸವನಗುಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟರ ಹತ್ತಿರ ನಾನು ಸೋಮವಾರ, ಗುರುವಾರ ಹಿಂದಿಗೆ ಸೇರಿದೆ. ಸೋಮವಾರ ಕಲಿತದ್ದನ್ನು ಮಂಗಳವಾರ ಕಲಿಸುತ್ತಿದ್ದೆ. ಹುಡುಗಿಯರು ಮುಂದಿನ ಪಾಠದ ಪ್ರಶ್ನೆ ಕೇಳಿದರೆ "ಅಷ್ಟು ಅವಸರ ಯಾಕೆ?" ಎಂದು ಗದರುತ್ತಿದ್ದೆ. ಹಿಂದಿ ವ್ಯಾಕರಣದಲ್ಲಿ ಮೇಜು ಯಾಕೆ ಹೆಣ್ಣು ಎಂದು ಒಬ್ಬಳು ಕೇಳಿದಾಗ, ಅದು ಉತ್ತರದವರ ಇಷ್ಟ ಎಂದೆ. ಒಂದು ದಿನ ಒಬ್ಬಳು ಸೀಮೆಸುಣ್ಣ ಹುಡುಕುತ್ತ ನನ್ನ ಚೀಲದಿಂದ ಸೀಸೆಯನ್ನೇ ತೆಗೆದು ಬೆಳಕಿಗೆ ಹಿಡಿದಳು. "ಜೇನುತುಪ್ಪ, ಮುಟ್ಟಬೇಡ," ಎಂದೆ. ಅವಳು ಒರೆಸಿ ವಾಪಸು ಇಟ್ಟಳು.

ಪಕ್ಕದ ಮನೆ ಹುಡುಗಿಗೆ ಹದಿನಾರು ವರ್ಷ. ಸಣಕಲು. ಯಾವಾಗಲೂ ಕಿಟಕಿಯ ಪಕ್ಕವೇ ಕೂರುತ್ತಿದ್ದಳು. ನಾಲ್ವರಲ್ಲಿ ಓದಿನಲ್ಲಿ ಅವಳೇ ಮುಂದು. ಒಂದು ಸಲ ಹೇಳಿದರೆ ಹಿಡಿದುಬಿಡುತ್ತಿದ್ದಳು. ಕೆಲವು ಸಲ ನನಗಿಂತ ಮುಂಚೆ ತಪ್ಪು ಕಂಡುಹಿಡಿದು, ನನಗೆ ಅವಮಾನವಾಗದಿರಲಿ ಎಂದು ಸುಮ್ಮನಿರುತ್ತಿದ್ದಳು. ಅದು ನನಗೆ ಗೊತ್ತಾಗುತ್ತಿತ್ತು. ಪದ್ಯ ಓದುವಾಗ ಮಾತ್ರ ನಡುವೆ ನಿಲ್ಲಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ನನಗೆ ರೇಗುತ್ತಿತ್ತು. "ಕೆಮ್ಮೋದಿದ್ರೆ ಮೊದಲೇ ಹೊರಗೆ ಹೋಗಿ ಕೆಮ್ಮಿ ಬಾ. ಸಾಲಿನ ಮಧ್ಯದಲ್ಲಿ ನಿಲ್ಲಿಸಬಾರದು," ಎಂದು ಎಷ್ಟೋ ಸಲ ಹೇಳಿದ್ದೇನೆ.

ನಮ್ಮ ತರಬೇತಿಯ ಮೊದಲನೇ ಪಾಠವೇ ಕೆಮ್ಮು. ಬೆಳಿಗ್ಗೆಯೆಲ್ಲ ಮನೆಮನೆಯ ಬಾಗಿಲಲ್ಲಿ ನಿಂತು "ನಿಮ್ಮಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ಕೆಮ್ಮಿದೆಯೇ?" ಎಂದು ಕೇಳುವುದೇ ನನ್ನ ಕೆಲಸವಾಗಿತ್ತು. ನಾಲ್ಕು ಗಂಟೆಗೆ ಆ ಚಾಪೆಯ ಮೇಲೆ ಕೂತಕೂಡಲೆ ನಾನು ಹಿಂದಿ ಟೀಚರಾಗಿಬಿಡುತ್ತಿದ್ದೆ. ಹಿಂದಿ ಟೀಚರಿಗೆ ಕೇಳಿಸಿದ್ದು ಸಾಲು ತುಂಡಾದದ್ದು ಮಾತ್ರ.

ಇನ್ನೊಂದು ಸಂಗತಿಯನ್ನೂ ನೋಡುತ್ತಿದ್ದೆ. ಕ್ಲಾಸಿನ ಕೊನೆಗೆ ನನ್ನ ರೋಗಿ ಒಳಗೆ ಹೋಗಿ ಬಂದು, ಪಕ್ಕದ ಮನೆ ಹುಡುಗಿಯ ಅಂಗೈಗೆ ಮೇಲಿನಿಂದ ಏನನ್ನೋ ಹಾಕುತ್ತಿದ್ದಳು. ಆಮೇಲೆ ಲೋಟಕ್ಕೂ ಮೇಲಿನಿಂದಲೇ ನೀರು ಬಗ್ಗಿಸುತ್ತಿದ್ದಳು. ಆ ಮನೆಯಲ್ಲಿ ಬೇರೆ ಜಾತಿಯವರಿಗೆ ಏನು ಕೊಟ್ಟರೂ ಹಾಗೆಯೇ, ಮುಟ್ಟದೆ, ಎತ್ತಿ ಹಾಕುವುದು. ತಾಯಿಯೂ ನೋಡುತ್ತಿದ್ದರು. ಮುಟ್ಟುತ್ತಿಲ್ಲವಲ್ಲ ಎಂದು ಅವರಿಗೆ ಸಮಾಧಾನ. ಕಲ್ಲುಸಕ್ಕರೆ ಇರಬೇಕು ಎಂದು ನನಗೆ ಸಮಾಧಾನ. ಕ್ಲಾಸಿಲ್ಲದ ದಿನಗಳಲ್ಲೂ ಇಬ್ಬರೂ ಸಂಜೆ ಕೂತು ಓದಿಕೊಳ್ಳುತ್ತಾರೆ ಎಂದು ಕೇಳಿ ಸಂತೋಷವೇ ಪಟ್ಟಿದ್ದೆ.

ನನ್ನ ಮಾತ್ರೆಯ ಲೆಕ್ಕ ಮಾತ್ರ ಆಫೀಸಿನಲ್ಲಿ ಹೆಸರುವಾಸಿಯಾಯಿತು. ಉಳಿದ ಹುಡುಗಿಯರ ರೋಗಿಗಳು ಮಾತ್ರೆಗಳನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದರು, ಮೇಕೆಗೆ ತಿನ್ನಿಸುತ್ತಿದ್ದರು. ಒಬ್ಬ ಅಜ್ಜ ಪರದೇಶದ ಔಷಧ ದುಬಾರಿ ಇರಬೇಕೆಂದು ಮೊಮ್ಮಗಳ ಮದುವೆಗೆ ಕೂಡಿಡುತ್ತಿದ್ದ. ನನ್ನ ರೋಗಿಯ ಬಾಟಲಿಯಲ್ಲಿ ಎಂದೂ ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಕಾಗದದ ಬಣ್ಣವೂ ಪ್ರತಿ ಸಲ ಸರಿಯಾಗಿ ತಿರುಗುತ್ತಿತ್ತು. ನಾನು ಹೋಗುವುದು ಯಾವ ದಿನ, ಎಷ್ಟು ಗಂಟೆಗೆ ಎಂಬುದು ಇಡೀ ರಸ್ತೆಗೆ ಗೊತ್ತಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ. ನನಗೆ ಸ್ವಲ್ಪ ಜಂಬವೂ ಬಂದಿತ್ತು. ಆರು ತಿಂಗಳ ಎಕ್ಸರೇ ನೋಡಿ ಡಾಕ್ಟರು, "ಇಷ್ಟು ಸರಿಯಾಗಿ ನುಂಗೋ ಹುಡುಗಿ ಇಷ್ಟು ನಿಧಾನ ಯಾಕೆ?" ಎಂದರು. ಕೆಲವರ ಮೈ ಹಾಗೆ ಎಂದೆ. ಅವರು ನಂಬಿದರು. ನನ್ನ ಲೆಕ್ಕದ ಮೇಲೆ ಅವರಿಗೆ ಅಷ್ಟು ವಿಶ್ವಾಸ.

ಒಂದು ವರ್ಷವಾಗುವ ಹೊತ್ತಿಗೆ, ದುಡ್ಡು ಕೊಡುವವರ ಕಡೆಯಿಂದ ಒಬ್ಬರು ನೋಡಲು ಬರುತ್ತಾರೆ ಎಂದು ತಿಳಿಯಿತು. ಅವರು ಒಪ್ಪಿದರೆ ಇನ್ನೆರಡು ವರ್ಷದ ಮಾತ್ರೆ ಬರುತ್ತದೆ. ಒಪ್ಪದಿದ್ದರೆ ನಮ್ಮ ಪಟ್ಟಿಯಲ್ಲಿದ್ದವರೆಲ್ಲ ಅರ್ಧಕ್ಕೆ ನಿಲ್ಲಿಸಬೇಕು. ಬಂದವರು ಐವತ್ತು ದಾಟಿದ ಎತ್ತರದ ಡಾಕ್ಟರಮ್ಮ, ಯಾವುದೋ ಚಳಿ ದೇಶದವರು. ಬಿಸಿಲಿಗೆ ಕೆಂಪಾಗಿದ್ದರು. ಆಫೀಸಿನ ರಿಜಿಸ್ಟರುಗಳನ್ನೆಲ್ಲ ತಿರುವಿಹಾಕಿ, ಅತಿ ಚೆನ್ನಾಗಿ ನಡೆಯುತ್ತಿರುವ ಒಂದು ಮನೆಯನ್ನು ಕಣ್ಣಾರೆ ನೋಡಬೇಕು ಎಂದರು. ನಮ್ಮ ಡಾಕ್ಟರು ನನ್ನ ಕಡೆ ತಿರುಗಿದರು.

ಅಶೋಕ ಸ್ತಂಭದ ಹತ್ತಿರ ಜೀಪು ನಿಲ್ಲಿಸಿ ಅಲ್ಲಿಂದ ಆಕೆಯನ್ನು ನಡೆಸಿಕೊಂಡು ಹೋದೆ. ದಾರಿಯಲ್ಲಿ ವಿಷಯವನ್ನೆಲ್ಲ ನನಗೆ ಬಂದ ಇಂಗ್ಲಿಷಿನಲ್ಲಿ ವಿವರಿಸಿದೆ. ಆಕೆ ನಗಲಿಲ್ಲ. "ಹಾಗಾದರೆ ನಾನು ಯಾರು?" ಎಂದು ಕೇಳಿದರು. ದೆಹಲಿಯಿಂದ ಬಂದ ಹಿಂದಿ ಪರೀಕ್ಷಕರು ಎಂದೆ. "ಸರಿ," ಎಂದು ಟೋಪಿ ಸರಿಮಾಡಿಕೊಂಡರು. ಎದುರುಮನೆಯ ನಿವೃತ್ತರೊಬ್ಬರು ಗೇಟಿನ ಹತ್ತಿರ ನಿಂತು ಆಕೆಯನ್ನು ಕಣ್ತುಂಬ ನೋಡಿ, "ಕಾಶ್ಮೀರದ ಕಡೆಯವರಾ?" ಎಂದು ನನ್ನನ್ನು ಕೇಳಿದರು. ಹೌದು ಎಂದೆ. "ನೋಡಿದ್ರೇ ಗೊತ್ತಾಗತ್ತೆ," ಎಂದರು.

ಆಕೆಯನ್ನು ವರಾಂಡದಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕೂರಿಸಿದೆವು. ಹುಡುಗಿಯರು ಎದ್ದು ಕೈ ಮುಗಿದು, ಒಬ್ಬೊಬ್ಬರಾಗಿ ಪದ್ಯ ಓದಿದರು. ಆಕೆಗೆ ಹಿಂದಿಯೂ ತಿಳಿಯದು, ಕನ್ನಡವೂ ತಿಳಿಯದು. ತಲೆಯಾಡಿಸುತ್ತ ಕೂತಿದ್ದರು. ಪಕ್ಕದ ಮನೆ ಹುಡುಗಿಯ ಸರದಿ ಬಂತು. ಚೆನ್ನಾಗಿ ಶುರುಮಾಡಿ, ಮೂರನೇ ಸಾಲಿನಲ್ಲಿ ನಿಲ್ಲಿಸಿ ಕೆಮ್ಮಿದಳು. ನಾನು ಹುಬ್ಬು ಗಂಟಿಕ್ಕಿದೆ. ಅವಳು ಸೆರಗು ತೆಗೆದು ಮುಂದುವರಿಸಿದಳು, ಮತ್ತೆ ನಿಲ್ಲಿಸಿದಳು. ಡಾಕ್ಟರಮ್ಮ ತಲೆಯಾಡಿಸುವುದನ್ನು ಬಿಟ್ಟು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆ ವರಾಂಡದಲ್ಲಿ ಆಕೆಗೆ ಅರ್ಥವಾಗಿದ್ದು ಅದೊಂದೇ.

ಆಮೇಲೆ ಹುಡುಗಿಯರನ್ನು ಕಳಿಸಿದೆವು. ತಾಯಿ ದೇವರ ಮನೆಯಿಂದ ಬಾಟಲಿ ತಂದರು. ಡಾಕ್ಟರಮ್ಮ ತಾವೇ ಎಣಿಸಿದರು. ಸರಿಯಾಗಿತ್ತು. ಬರೆದುಕೊಂಡರು. ಕಾಫಿ ಕುಡಿದರು. ರಸ್ತೆಗೆ ಬಂದ ಮೇಲೆ, ಖಾಲಿ ಸೈಟುಗಳನ್ನು ದಾಟುವಾಗ, "ಕಿಟಕಿಯ ಪಕ್ಕದ ಹುಡುಗಿಗೆ ಎಷ್ಟು ದಿನದಿಂದ ಔಷಧ ಕೊಡುತ್ತಿದ್ದೀರಿ?" ಎಂದು ಕೇಳಿದರು.

"ಅವಳು ರೋಗಿಯಲ್ಲ," ಎಂದೆ. "ಅವಳು ಹಿಂದಿ ಕಲಿಯಲು ಬರುತ್ತಾಳೆ."

ಆಕೆ ನನ್ನ ಮುಖ ನೋಡಿ ಮುಂದೆ ನಡೆದರು. ಜೀಪು ಹತ್ತುವ ಮುಂಚೆ, "ಅವಳ ಎಕ್ಸರೇ ತೆಗೆಸಿ," ಎಂದರು, ಅಷ್ಟೇ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮಾರನೇ ದಿನವೇ, ಕ್ಲಾಸಿಲ್ಲದ ದಿನ, ಬೆಳಿಗ್ಗೆ ಹೋದೆ. ನಿಯಮದ ಪ್ರಕಾರ ಮೊದಲಿನಿಂದಲೂ ಹೋಗಬೇಕಾಗಿದ್ದದ್ದು ಹಾಗೆ. ನನ್ನ ರೋಗಿ ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದಳು. ನಾನು ಕೇಳುವ ಮುಂಚೆಯೇ ಅವಳ ಕಣ್ಣು ತುಂಬಿತು.

"ಬೆಳಗಿನ ಮಾತ್ರೆ ನಂದು, ಸಂಜೇದು ಅವಳ್ದು," ಎಂದಳು.

"ಎಷ್ಟು ದಿನದಿಂದ?"

"ಶಿವರಾತ್ರಿಯಿಂದ. ಅವಳು ಕೆಮ್ಮಿದಾಗ ಪುಸ್ತಕದ ಮೇಲೆ ರಕ್ತ ಬಿತ್ತು. ನನಗೂ ಮೊದಲು ಹಾಗೇ ಆಗಿತ್ತು, ಅದೇ ಕಾಯಿಲೆ ಅಂತ ಗೊತ್ತಾಯ್ತು. ಒಬ್ಬಳೇ ನುಂಗೋಕೆ ಮನಸ್ಸಾಗ್ಲಿಲ್ಲ."

ನಾವು ಹೀಗೆ ಮಾತಾಡುತ್ತಿದ್ದದ್ದು ಕಾರ್ತಿಕದಲ್ಲಿ, ಎಂಟು ತಿಂಗಳಾದ ಮೇಲೆ. "ನನ್ನ ಹತ್ರ ಯಾಕೆ ಹೇಳ್ಲಿಲ್ಲ?" ಎಂದೆ.

"ತುಳಸಿ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದ್ಲು, ಯಾರಿಗೂ ಹೇಳಬಾರದು ಅಂತ. ಕೊಡಬಾರದು ಅಂತ ಆಣೆ ಇರ್ಲಿಲ್ಲ." ತಂಬಿಗೆ ಕೆಳಗಿಟ್ಟು ಹೇಳಿದಳು: "ಅವಳಿಗೆ ನೀವು ಯಾರು ಅಂತ ನಾನು ಹೇಳ್ಲಿಲ್ಲ. ಮಾತ್ರೆ ಅಪ್ಪ ತರ್ತಾರೆ ಅಂದಿದ್ದೆ. ಅಮ್ಮನಿಗೆ ಮಾತು ಕೊಟ್ಟಿದ್ನಲ್ಲ."

ಪಕ್ಕದ ಮನೆಯ ತಾಯಿಗೆ ನಾನು ಆಗಲೇ ನಿಜ ಹೇಳಬಹುದಾಗಿತ್ತು. ನನ್ನ ರೋಗಿಯ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ಬೇಡ ಎಂದರು. ದೆಹಲಿಯ ಒಂದು ಸಂಬಂಧ ಕುದುರುವ ಹಂತದಲ್ಲಿತ್ತು. ಹಾಗಾಗಿ ಎಕ್ಸರೇ ಆಫೀಸಿನಲ್ಲಿ ನನಗೆ ಪರಿಚಯದವರಿದ್ದಾರೆ, ಹುಡುಗಿ ತೆಳ್ಳಗಿದ್ದಾಳೆ, ಒಂದು ಸಲ ತೋರಿಸೋಣ ಎಂದೆ. "ಬರೀ ಒಣಕೆಮ್ಮು ಟೀಚ್ರಮ್ಮ, ಆಡುಸೋಗೆ ಕಷಾಯ ಹಾಕ್ತಾ ಇವ್ನಿ," ಎಂದು ಆಕೆ ನೆಲ ನೋಡುತ್ತ ಹೇಳಿ, ಮಗಳನ್ನು ಕರೆದುಕೊಂಡು ಬಂದರು. ನಾನು ದಿನಾ ಹೋಗುತ್ತಿದ್ದ ಆಫೀಸಿಗೆ ಅವತ್ತು ಹೊರಗಿನವಳ ಹಾಗೆ ಹೋಗಿ ಬೆಂಚಿನ ಮೇಲೆ ಕೂತೆ. ಜವಾನನಿಗೆ ಮೊದಲೇ ಹೇಳಿಟ್ಟಿದ್ದೆ. "ನಮಸ್ಕಾರ ಟೀಚರ್," ಎಂದ.

ಎರಡೂ ಶ್ವಾಸಕೋಶ ಹೋಗಿತ್ತು.

ಅರ್ಧ ಔಷಧ ಕುಡಿದರೆ ರೋಗ ಸಾಯುವುದಿಲ್ಲ, ಔಷಧಕ್ಕೆ ಒಗ್ಗಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ನನ್ನ ರೋಗಿಯ ಮೈ ಹೇಗೋ ತಡೆದುಕೊಂಡಿತ್ತು. ಅವತ್ತಿನಿಂದ ಅವಳಿಗೆ ತಾಯಿ ಎರಡು ಹೊತ್ತೂ ಎದುರಿಗೇ ನುಂಗಿಸಿದರು, ಗುಣವಾಯಿತು. ಈ ಹುಡುಗಿಗೆ ನಮ್ಮ ಮಾತ್ರೆ ನಾಟಲಿಲ್ಲ. ನಾಟುವ ಬೇರೆ ಔಷಧಗಳು ಎಲ್ಲೋ ಇದ್ದವು, ಆದರೆ ಹಡಗಿನಲ್ಲಿ ಬರುವ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಮಾಡಿದವರು ಬಹಳ ಜನಕ್ಕೆ ಸಾಲಬೇಕು ಎಂದು ಅಗ್ಗದ್ದನ್ನು ಆರಿಸಿದ್ದರು. ಅದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ, ಸಿಗಲಿಲ್ಲ. ಅವಳನ್ನು ಊರಾಚೆಯ ಸ್ಯಾನಟೋರಿಯಂಗೆ ಸೇರಿಸಲು ಹೆಸರು ಬರೆಸಿದೆವು. ಮಂಚ ಖಾಲಿಯಾಗುವ ತನಕ ಕಾಯಬೇಕಿತ್ತು. ಕಾಯುವ ಹೊತ್ತಿನಲ್ಲಿ ಅವಳು ಪ್ರಥಮಾ ಪರೀಕ್ಷೆಗೆ ಕೂತಳು. ಬೇರೆಯವರಿಗೆ ತಾಗದಿರಲಿ ಎಂದು ಅವಳೊಬ್ಬಳನ್ನು ಕಾರಿಡಾರಿನಲ್ಲಿ ಕೂರಿಸಿ ಬರೆಸಲು ಪರೀಕ್ಷೆ ನಡೆಸುವವರನ್ನು ನಾನೇ ಒಪ್ಪಿಸಿದೆ. ಕಾರಣ ಕೇಳಿದರು. ಮೈಮೇಲೆ ಇಸುಬು, ತುರಿಕೆ ಎಂದೆ.

ಚಳಿದೇಶದ ಡಾಕ್ಟರಮ್ಮನ ವರದಿ ಬಂತು. ನಮ್ಮ ಯೋಜನೆಗೆ ಇನ್ನೆರಡು ವರ್ಷದ ಮಾತ್ರೆ ಮಂಜೂರಾಯಿತು. ಮಾದರಿಯಾಗಿ ಒಂದು ಮನೆಯನ್ನು ವರ್ಣಿಸಿದ್ದರು, ಮಾತ್ರೆಯ ಎಣಿಕೆ ಒಂದು ದಿನವೂ ತಪ್ಪಿಲ್ಲ ಎಂದು. ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಮಾತ್ರೆಗಳು ಲೆಕ್ಕದ ಪ್ರಕಾರ ಬಾಟಲಿಯಿಂದ ಹೊರಟು ಕಾಯಿಲೆಯವರ ಹೊಟ್ಟೆಯನ್ನೇ ಸೇರಿದ್ದವು. ಹೊಟ್ಟೆ ಎರಡು ಎಂದು ಬರೆಯಲು ನಮ್ಮ ನಮೂನೆಯಲ್ಲಿ ಕಾಲಂ ಇರಲಿಲ್ಲ. ನಡೆದದ್ದನ್ನೆಲ್ಲ ನಾನೊಂದು ಪುಟ ಬರೆದು ನಮ್ಮ ಡಾಕ್ಟರಿಗೆ ಕೊಟ್ಟೆ. ಅವರು ಎರಡು ಸಲ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡರು. ಮುಂದಿನ ತಿಂಗಳಿಂದ ನಮ್ಮ ನಮೂನೆಯಲ್ಲಿ ಕೈಬರಹದಲ್ಲಿ ಒಂದು ಸಾಲು ಸೇರಿತು: ಮನೆಯಲ್ಲಿ, ಅಕ್ಕಪಕ್ಕದಲ್ಲಿ ಬೇರೆ ಯಾರಾದರೂ ಕೆಮ್ಮುತ್ತಾರೆಯೇ.

ಪಕ್ಕದ ಮನೆ ಹುಡುಗಿ ಏಳು ತಿಂಗಳು ಸ್ಯಾನಟೋರಿಯಂನಲ್ಲಿದ್ದಳು. ಭಾನುವಾರ ನಾನು ಹೋಗುತ್ತಿದ್ದೆ. ಮುಂದಿನ ಪರೀಕ್ಷೆ ಮಧ್ಯಮಾದ ಪುಸ್ತಕ ಬೇಕು ಎಂದಳು, ಕೊಟ್ಟೆ. ನನಗಿಂತ ಮುಂದೆ ಹೋಗಿಬಿಟ್ಟಿದ್ದಳು. ಕೊನೆಯ ಭಾನುವಾರ ಅವಳ ಮಂಚದ ಮೇಲೆ ಬೇರೆ ಯಾರೋ ಇದ್ದರು. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು ಅತ್ತೆ. ಆ ಕೆಲಸದಲ್ಲಿ ಅಳಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು.

ನನ್ನ ರೋಗಿಗೆ ದೆಹಲಿಯ ಸಂಬಂಧವೇ ಗಟ್ಟಿಯಾಯಿತು. ಮದುವೆಯ ಊಟಕ್ಕೆ ಹಿಂದಿ ಟೀಚರಾಗಿ ನನ್ನನ್ನು ಕರೆದಿದ್ದರು, ಹೋಗಿದ್ದೆ. ಅವಳು ನನ್ನ ಕಾಲಿಗೆ ಬಿದ್ದು ಬಹಳ ಹೊತ್ತು ಏಳಲಿಲ್ಲ. ಹೆಣ್ಣಿಗೆ ಗುರುಭಕ್ತಿ ಜಾಸ್ತಿ ಎಂದು ಗಂಡಿನ ಕಡೆಯವರು ಮೆಚ್ಚಿಕೊಂಡರು.

ಅದಾಗಿ ಕೆಲವು ದಿನಕ್ಕೆ ಪಕ್ಕದ ಮನೆಯ ಹೆಂಗಸು ನಮ್ಮ ಹನುಮಂತನಗರದ ಮನೆ ವಿಚಾರಿಸಿಕೊಂಡು ನಡೆದೇ ಬಂದರು. ಸೆರಗಿನಲ್ಲಿ ಅವರೆಕಾಯಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಟಪಾಲಿನಲ್ಲಿ ಬಂತು, ತಮ್ಮ ಮನೆಯಲ್ಲಿ ಓದುವವರು ಇಲ್ಲ, ಏನಿದು ಎಂದರು. ಅದು ಪ್ರಥಮಾ ಪರೀಕ್ಷೆಯ ಪ್ರಮಾಣಪತ್ರ. ಮೊದಲನೇ ದರ್ಜೆ. ನಾನು ಹಿಂದಿಯಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ನಾನೇ ಹೇಳಿ ಕಳಿಸ್ತಿದ್ದೆ ಟೀಚ್ರಮ್ಮ," ಎಂದರು. "ಅಲ್ಲಿ ಕೆಮ್ಮಬ್ಯಾಡ ಕಣವ್ವ, ಟೀಚ್ರಮ್ಮಂಗೆ ಗೊತ್ತಾದ್ರೆ ಆಚೆಗೆ ಕಳಿಸ್ಬುಡ್ತಾರೆ, ಓದು ನಿಂತೋಯ್ತದೆ ಅಂತ. ರಕ್ತ ಬೀಳ್ತಿದ್ದದ್ದು ನಂಗೆ ಮೊದ್ಲೇ ಗೊತ್ತಿತ್ತು. ಆ ಮಗ ಬಾಯಿಗೆ ಸೆರಗು ತುರುಕ್ಕಂಡು ಕೂರ್ತಿತ್ತು."

ಗುಮಾಸ್ತರ ಮಗಳ ಮದುವೆ ಮುಗಿದಿತ್ತು. ಮುಚ್ಚಿಡಲು ಇನ್ನು ಕಾರಣವಿರಲಿಲ್ಲ. ನಾನು ಹಿಂದಿ ಟೀಚರಲ್ಲ, ಆ ಕಾಯಿಲೆಗೆ ಮಾತ್ರೆ ಕೊಡುವ ಆಫೀಸಿನವಳು, ಕೆಮ್ಮುವವರನ್ನು ಹುಡುಕುವುದೇ ನನ್ನ ಕೆಲಸ ಎಂದು ಹೇಳಿದೆ. ಪಕ್ಕದ ಮನೆಗೆ ಜೀಪು ಬರಬಾರದು ಎಂದು ಹೀಗೆ ಮಾಡಿದೆವು ಎಂದೂ ಹೇಳಿದೆ.

ಆಕೆ ಪ್ರಮಾಣಪತ್ರವನ್ನು ತೊಡೆಯ ಮೇಲಿಟ್ಟು ನೀವಿದರು. ಕೂಗಾಡುತ್ತಾರೆ ಎಂದು ನಾನು ಕಾದೆ.

"ನಮ್ಮ ಹೊಲ ಅಳೆಯಕ್ಕೆ ಎಷ್ಟು ಜೀಪು ಬಂದಿರ್ಲಿಲ್ಲ ನಮ್ಮ ಬಾಗ್ಲಿಗೆ," ಎಂದರು. "ಇನ್ನೊಂದು ಬಂದಿದ್ರೆ ನಮಗೇನಾಗದು? ನೀವು ಇಂಥೋರು ಅಂತ ಗೊತ್ತಿದ್ದಿದ್ರೆ ಮೊದಲ್ನೇ ದಿನಾನೇ ಕೈ ಹಿಡ್ಕಂಡು ಕರ್ಕಬರ್ತಿದ್ದೆ."

ಆಮೇಲೆ ಪ್ರಮಾಣಪತ್ರವನ್ನು ಮತ್ತೆ ನನ್ನ ಕಡೆ ಚಾಚಿ, "ಇನ್ನೊಂದ್ ಸಲ ಓದಿ. ಹಿಂದೀಲೇ ಓದಿ," ಎಂದರು.

ಓದಿದೆ. ನನ್ನ ಹಿಂದಿ ಆ ಹೊತ್ತಿಗೆ ಚೆನ್ನಾಗಿಯೇ ಆಗಿತ್ತು.